ಹೆರಿಗೆ ಸೌಲಭ್ಯ ಕಾಯ್ದೆ, 1961

ಹೆರಿಗೆ ಸೌಲಭ್ಯ ಕಾಯ್ದೆ, 1961 ಭಾರತದ ದುಡಿಯುವ ಮಹಿಳೆಯರಿಗೆ ವೇತನಸಹಿತ ರಜೆಯನ್ನು ಹಕ್ಕಾಗಿ ನೀಡಿದ ಕೇಂದ್ರ ಶಾಸನ. ಹೆಸರಿನಲ್ಲಿ ಹೆರಿಗೆಯಷ್ಟೇ ಇದ್ದರೂ ಗರ್ಭಸ್ರಾವ, ವೈದ್ಯಕೀಯ ಗರ್ಭಪಾತ ಮತ್ತು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯ ಅನಂತರದ ರಜೆಯೂ ಇದರ ವ್ಯಾಪ್ತಿಗೆ ಸೇರುತ್ತದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಈ ನಿಯಮಗಳನ್ನು ತನ್ನ ಆರನೆಯ ಅಧ್ಯಾಯದಲ್ಲಿ ಅಳವಡಿಸಿಕೊಂಡಿದೆ.

ಹಿನ್ನೆಲೆ

ಈ ಬಗೆಯ ಮೊದಲ ಶಾಸನ 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ರೂಪುಗೊಂಡಿತು. ಇಂದಿನ ಕರ್ನಾಟಕದ ಧಾರವಾಡ, ಬೆಳಗಾವಿ ಮೊದಲಾದ ಜಿಲ್ಲೆಗಳು ಆಗ ಅದೇ ಪ್ರಾಂತದಲ್ಲಿದ್ದವು. ಅದರ ಮಸೂದೆಯನ್ನು ಬಿ. ಆರ್. ಅಂಬೇಡ್ಕರ್ ಅವರು 1928ರಲ್ಲಿ ಶಾಸನ ಪರಿಷತ್ತಿನಲ್ಲಿ ಬೆಂಬಲಿಸಿದ್ದರು.

ಅನ್ವಯ

ಕಾರ್ಖಾನೆ, ಗಣಿ, ತೋಟಗಳಿಗೂ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳಿಗೂ ನಿಯಮಗಳು ಅನ್ವಯಿಸುತ್ತವೆ. ಕೆಲಸಕ್ಕೆ ನೇರವಾಗಿ ಸೇರಿದವರಂತೆ ಗುತ್ತಿಗೆದಾರರ ಮೂಲಕ ಬಂದವರೂ ಒಳಪಡುತ್ತಾರೆ. ನೌಕರರ ರಾಜ್ಯ ವಿಮಾ ಯೋಜನೆಗೆ ಸೇರಿದವರು ಆ ಯೋಜನೆಯ ಮೂಲಕ ಸೌಲಭ್ಯ ಪಡೆಯುತ್ತಾರೆ. ದಿನಗೂಲಿ ಕಾರ್ಮಿಕರಿಗೂ ಈ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ದೆಹಲಿ ನಗರಪಾಲಿಕೆಯ ಪ್ರಕರಣದಲ್ಲಿ ತೀರ್ಪಿತ್ತಿತು.

ರಜೆಯ ವಿಧಗಳು

* ಹೆರಿಗೆ: 26 ವಾರ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳು ಬದುಕಿದ್ದರೆ 12 ವಾರ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿರಬೇಕು. 2017ರ ತಿದ್ದುಪಡಿಗೆ ಮೊದಲು ಎಲ್ಲರಿಗೂ 12 ವಾರವೇ ಇತ್ತು.
* ಗರ್ಭಸ್ರಾವ ಅಥವಾ ವೈದ್ಯಕೀಯ ಗರ್ಭಪಾತ: ಮರುದಿನದಿಂದ 6 ವಾರ. ಗರ್ಭಪಾತವು 1971ರ ಕಾಯ್ದೆಗೆ ಅನುಗುಣವಾಗಿರಬೇಕು.
* ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ (ಟ್ಯೂಬೆಕ್ಟಮಿ): 2 ವಾರ. ಇದನ್ನೂ ವೈದ್ಯಕೀಯ ಗರ್ಭಪಾತದ ರಜೆಯನ್ನೂ 1995ರ ತಿದ್ದುಪಡಿ ಸೇರಿಸಿತು.
* ಇವುಗಳಿಂದ ಉಂಟಾದ ಕಾಯಿಲೆ: ಹೆಚ್ಚುವರಿಯಾಗಿ ಗರಿಷ್ಠ ಒಂದು ತಿಂಗಳು.

ಈ ರಜೆಗಳಿಗೆ ವಿವಾಹಿತೆಯಾಗಿರಬೇಕೆಂಬ ಷರತ್ತಿಲ್ಲ. ಹೆರಿಗೆಯನ್ನು ಹೊರತುಪಡಿಸಿದ ರಜೆಗಳಿಗೆ ಮಕ್ಕಳ ಸಂಖ್ಯೆಯ ಮಿತಿಯೂ ಇಲ್ಲ. ಆದರೆ ನಿಗದಿತ ವೈದ್ಯಕೀಯ ಪುರಾವೆಯನ್ನು ಒದಗಿಸಬೇಕು.

ಉದ್ಯೋಗ ರಕ್ಷಣೆ

ಹೆರಿಗೆ, ಗರ್ಭಸ್ರಾವ ಅಥವಾ ವೈದ್ಯಕೀಯ ಗರ್ಭಪಾತದ ಅನಂತರದ ಆರು ವಾರಗಳಲ್ಲಿ ಮಾಲೀಕನು ತಿಳಿದೂ ಆಕೆಯನ್ನು ದುಡಿಸುವಂತಿಲ್ಲ. ಆದ್ದರಿಂದ ಈ ಅವಧಿಯ ವಿಶ್ರಾಂತಿಯು ಮಾಲೀಕನ ಕೃಪೆಯಲ್ಲ, ಅವನ ಮೇಲಿನ ನಿರ್ಬಂಧ. ಕಾಯ್ದೆಯಂತೆ ಗೈರುಹಾಜರಾದ ಅವಧಿಯಲ್ಲಿ ಆಕೆಯನ್ನು ವಜಾ ಮಾಡುವುದು ಕಾನೂನುಬಾಹಿರ.

ಮಿತಿಗಳು

ವಿಮಾ ಯೋಜನೆಯ ಹೊರಗೆ ರಜೆಯ ವೇತನವನ್ನು ಮಾಲೀಕನೇ ಭರಿಸಬೇಕು. ಇದರಿಂದ ಮಹಿಳೆಯರ ನೇಮಕಕ್ಕೆ ಹಿಂಜರಿಕೆ ಉಂಟಾಗಬಹುದೆಂಬ ಟೀಕೆಯಿದೆ. ಮನೆಗೆಲಸದವರು, ಸ್ವಂತ ಹೊಲದಲ್ಲಿ ದುಡಿಯುವವರು ಮತ್ತು ಬೀದಿಬದಿಯ ವ್ಯಾಪಾರಿಗಳು ಈ ರಕ್ಷಣೆಯಿಂದ ಹೊರಗುಳಿದಿದ್ದಾರೆ.