ವಾಟ್ಸಾಪ್‌ನಲ್ಲಿ ಕೆಂಪು ಟಿಕ್ ಬಂದರೆ ಸರ್ಕಾರ ಕ್ರಮ ಕೈಗೊಳ್ಳುತ್ತದೆಯೇ? ಟಿಕ್ ಗುರುತುಗಳ ನಿಜವಾದ ಅರ್ಥ ಇಲ್ಲಿದೆ

ವಾಟ್ಸಾಪ್ ಗ್ರೂಪ್‌ಗಳಲ್ಲಿ ವರ್ಷಗಳಿಂದ ಸುತ್ತುತ್ತಿರುವ ಒಂದು ಫಾರ್ವರ್ಡ್ ನಿಮಗೂ ಬಂದಿರಬಹುದು. ಮೂರು ನೀಲಿ ಟಿಕ್ ಕಂಡರೆ ನಿಮ್ಮ ಮೆಸೇಜನ್ನು ಸರ್ಕಾರ ಗಮನಿಸಿದೆ, ಎರಡು ನೀಲಿ ಒಂದು ಕೆಂಪು ಇದ್ದರೆ ಕ್ರಮ ಕೈಗೊಳ್ಳಬಹುದು, ಮೂರೂ ಕೆಂಪಾದರೆ ಕೋರ್ಟ್ ಸಮನ್ಸ್ ಬರುತ್ತದೆ ಎನ್ನುತ್ತದೆ ಅದು.

ಇದು ಸುಳ್ಳು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ 2020ರಲ್ಲೇ ಇದನ್ನು ಅಲ್ಲಗಳೆದಿದೆ. ವಾಟ್ಸಾಪ್‌ನಲ್ಲಿ ಮೂರನೇ ಟಿಕ್ಕೂ ಇಲ್ಲ, ಕೆಂಪು ಟಿಕ್ಕೂ ಇಲ್ಲ.

ಆದರೆ ಇದಕ್ಕಿಂತ ಅಪಾಯಕಾರಿಯಾದ ತಪ್ಪು ತಿಳಿವಳಿಕೆ ಇನ್ನೊಂದಿದೆ. ಅದು ‘ಕಳಿಸಿದ್ದೇನೆ, ಅಂದಮೇಲೆ ತಲುಪಿದೆ’ ಎಂಬ ನಂಬಿಕೆ. ಕರಾವಳಿಯಲ್ಲಿ ಇದು ಜೀವಕ್ಕೇ ಸಂಬಂಧಿಸಿದ ವಿಷಯ.

ಮೆಸೇಜ್ ನೇರವಾಗಿ ಹೋಗುತ್ತದೆಯೇ?

ಇಲ್ಲ. ಭಟ್ಕಳದ ಮಾವಿನಕುರ್ವೆ ಬಂದರಿನಿಂದ ಒಂದು ಬೋಟ್ ಮೀನುಗಾರಿಕೆಗೆ ಹೋಗಿದೆ ಎಂದುಕೊಳ್ಳಿ. ಮನೆಯವರು ‘ಗಾಳಿ ಜೋರಿದೆಯಂತೆ, ವಾಪಸ್ ಬನ್ನಿ’ ಎಂದು ಮೆಸೇಜ್ ಹಾಕುತ್ತಾರೆ. ಅದು ಮೊದಲು ಹೋಗುವುದು ಎಲ್ಲೋ ದೂರದಲ್ಲಿರುವ ಸರ್ವರ್‌ಗೆ. ಬೋಟಿನಲ್ಲಿರುವ ಫೋನಿಗೆ ನೆಟ್‌ವರ್ಕ್ ಸಿಗುವವರೆಗೂ ಮೆಸೇಜ್ ಆ ಸರ್ವರ್‌ನಲ್ಲೇ ಕಾಯುತ್ತದೆ.

ಹೀಗೆ ಒಬ್ಬರಿಂದ ಪಡೆದು, ಸರದಿಯಲ್ಲಿಟ್ಟು, ಇನ್ನೊಬ್ಬರಿಗೆ ತಲುಪಿಸುವ ಸರ್ವರ್‌ಗಳಲ್ಲಿ ಒಂದು ಬಗೆಯನ್ನು ‘ಮೆಸೇಜ್ ಬ್ರೋಕರ್’ ಎನ್ನುತ್ತಾರೆ. ಬ್ರೋಕರ್ ಅಂದರೆ ದಲ್ಲಾಳಿ. ಮೀನು ಹಿಡಿದವರೂ ಕೊಳ್ಳುವವರೂ ಮುಖಾಮುಖಿಯಾಗದೆಯೇ ದಲ್ಲಾಳಿಯ ಮೂಲಕ ವ್ಯಾಪಾರ ನಡೆಯುವಂತೆ, ಇಲ್ಲೂ ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಇರಬೇಕಿಲ್ಲ. ಬ್ಯಾಂಕ್, ಟಿಕೆಟ್ ಬುಕಿಂಗ್, ಹವಾಮಾನ ಸೆನ್ಸರ್ ಮುಂತಾದ ಅನೇಕ ವ್ಯವಸ್ಥೆಗಳಲ್ಲಿ ರ‍್ಯಾಬಿಟ್‌ಎಂಕ್ಯೂ, ಆಕ್ಟಿವ್‌ಎಂಕ್ಯೂ ಮುಂತಾದ ಬ್ರೋಕರ್‌ಗಳು ಬಳಕೆಯಾಗುತ್ತವೆ. ವಾಟ್ಸಾಪ್ ಬಳಸುವುದು ತನ್ನದೇ ವ್ಯವಸ್ಥೆ. ಆದರೂ ಪಡೆದು, ಇಟ್ಟುಕೊಂಡು, ತಲುಪಿಸುವ ತತ್ವ ಒಂದೇ.

ಸರ್ವರ್‌ನಲ್ಲಿ ಏನೇನು ಹೊಂದಿಸುತ್ತಾರೆ?

ಮೊದಲನೆಯದು ಪ್ರೋಟೋಕಾಲ್, ಅಂದರೆ ಫೋನ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮ. ಒಂದೇ ಬ್ರೋಕರ್ ಹಲವು ಪ್ರೋಟೋಕಾಲ್‌ಗಳಿಗೆ ಬೇರೆ ಬೇರೆ ಬಾಗಿಲು ತೆರೆಯಬಹುದು. ಈ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಸಾಮಾನ್ಯವಾಗಿ ಎಎಂಕ್ಯೂಪಿಗೆ 5672, ಎಂಕ್ಯೂಟಿಟಿಗೆ 1883. ರ‍್ಯಾಬಿಟ್‌ಎಂಕ್ಯೂನಲ್ಲಿ ಎಎಂಕ್ಯೂಪಿ ಬಾಗಿಲು ಮೊದಲೇ ತೆರೆದಿರುತ್ತದೆ, ಎಂಕ್ಯೂಟಿಟಿ ಬೇಕಿದ್ದರೆ ಅದರ ಪ್ಲಗಿನ್ ಆನ್ ಮಾಡಬೇಕು. ಬೇಡದ ಬಾಗಿಲನ್ನು ಮುಚ್ಚಿಡುವುದೇ ಸುರಕ್ಷಿತ.

ಎಂಕ್ಯೂಟಿಟಿ ಹುಟ್ಟಿದ್ದು 1999ರಲ್ಲಿ. ದೂರದ ತೈಲ ಪೈಪ್‌ಲೈನ್‌ಗಳ ಮಾಹಿತಿಯನ್ನು ಉಪಗ್ರಹದ ಮೂಲಕ ತರಿಸಲು ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದರು. ನೆಟ್‌ವರ್ಕ್ ದುರ್ಬಲವಾಗಿರುವ, ಆಗಾಗ ಕಡಿದುಹೋಗುವ ಕಡೆಗಳಿಗೆಂದೇ ಮಾಡಿದ್ದರಿಂದ ಮೊಬೈಲಿಗೂ ಚೆನ್ನಾಗಿ ಹೊಂದಿತು. ಫೇಸ್‌ಬುಕ್ ಮೆಸೆಂಜರ್ 2011ರಲ್ಲಿ ಇದನ್ನು ಬಳಸಿತು.

ಎರಡನೆಯದು ತಲುಪಿಸುವ ಖಾತರಿ. ಎಂಕ್ಯೂಟಿಟಿಯಲ್ಲಿ ಇದಕ್ಕೆ ಮೂರು ಹಂತಗಳಿವೆ:

0: ಒಮ್ಮೆ ಕಳಿಸಿ ಸುಮ್ಮನಾಗುವುದು. ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ.
1: ‘ಸಿಕ್ಕಿತು’ ಎಂಬ ಉತ್ತರ ಬಾರದಿದ್ದರೆ ಮತ್ತೆ ಕಳಿಸುವುದು. ಹೀಗಾಗಿ ಒಂದೇ ಮೆಸೇಜ್ ಎರಡು ಸಲ ಬರಬಹುದು.
2: ಸರಿಯಾಗಿ ಒಂದೇ ಸಲ ತಲುಪಿಸುವುದು. ಹೆಚ್ಚು ಮಾತುಕತೆ ಬೇಕು, ಹಾಗಾಗಿ ನಿಧಾನ.

ಮೂರನೆಯದು ಅವಧಿ. ತಲುಪದ ಮೆಸೇಜನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ‘ಇಂದು ರಾತ್ರಿ ಕಡಲಿಗೆ ಇಳಿಯಬೇಡಿ’ ಎಂಬ ಎಚ್ಚರಿಕೆ ನಾಡಿದ್ದು ತಲುಪಿದರೆ ಪ್ರಯೋಜನವಿಲ್ಲ. ಅಷ್ಟೇ ಅಲ್ಲ, ಅದನ್ನು ಹೊಸದೆಂದು ತಿಳಿದು ಜನ ಫಾರ್ವರ್ಡ್ ಮಾಡುತ್ತಾರೆ. ಅದಕ್ಕೇ ಇಂಥ ಮೆಸೇಜಿಗೆ ಮುಕ್ತಾಯದ ಸಮಯ ನಿಗದಿಪಡಿಸುವ ಸೌಲಭ್ಯ ಬ್ರೋಕರ್‌ಗಳಲ್ಲಿದೆ. ವಾಟ್ಸಾಪ್ ಮಾತ್ರ ತಲುಪದ ಮೆಸೇಜನ್ನು 30 ದಿನಗಳವರೆಗೆ ಇಟ್ಟುಕೊಂಡು ಆಮೇಲೆ ಅಳಿಸುತ್ತದೆ.

ಹಾಗಾದರೆ ಟಿಕ್‌ಗಳ ಅರ್ಥ?

ಒಂದು ಬೂದು ಟಿಕ್: ನಿಮ್ಮ ಫೋನಿನಿಂದ ಹೊರಟಿದೆ, ಆದರೆ ಅವರನ್ನು ಇನ್ನೂ ತಲುಪಿಲ್ಲ. ಫೋನ್ ಆಫ್ ಆಗಿರಬಹುದು, ನೆಟ್‌ವರ್ಕ್ ಇಲ್ಲದಿರಬಹುದು, ನಿಮ್ಮನ್ನು ಬ್ಲಾಕ್ ಮಾಡಿರಬಹುದು. ಯಾವುದೆಂದು ಟಿಕ್ ಹೇಳುವುದಿಲ್ಲ.

ಎರಡು ಬೂದು ಟಿಕ್: ಅವರ ಫೋನಿಗೆ ಅಥವಾ ಅದರೊಂದಿಗೆ ಲಿಂಕ್ ಆಗಿರುವ ಬೇರೆ ಸಾಧನಕ್ಕೆ ತಲುಪಿದೆ. ಅಂದರೆ ಮನೆಯಲ್ಲಿರುವ ಲ್ಯಾಪ್‌ಟಾಪ್‌ಗೆ ತಲುಪಿದ್ದರೂ ಎರಡು ಟಿಕ್ ಬರಬಹುದು.

ಎರಡು ನೀಲಿ ಟಿಕ್: ಓದಿದ್ದಾರೆ. ಇದು ಬಂದಿದ್ದು 2014ರ ನವೆಂಬರ್‌ನಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆಫ್ ಮಾಡಿಕೊಂಡವರು ಓದಿದರೂ ನಿಮಗೆ ನೀಲಿ ಕಾಣುವುದಿಲ್ಲ.

ಗ್ರೂಪ್‌ನಲ್ಲಿ ಎರಡನೇ ಟಿಕ್ ಬರುವುದು ಎಲ್ಲ ಸದಸ್ಯರಿಗೂ ತಲುಪಿದ ಮೇಲೆಯೇ. ನೀವು ಕಳಿಸಿದ ಮೆಸೇಜ್ ಒತ್ತಿ ಹಿಡಿದು ‘ಇನ್ಫೋ’ ನೋಡಿದರೆ ಯಾರಿಗೆ ತಲುಪಿದೆ, ಯಾರಿಗಿಲ್ಲ ಎಂದು ತಿಳಿಯುತ್ತದೆ.

ಮಧ್ಯದಲ್ಲಿ ಯಾರಾದರೂ ಓದುತ್ತಾರೆಯೇ?

ಇಲ್ಲಿ ಎರಡು ಬಗೆಯ ಬೀಗಗಳಿವೆ. ಟಿಎಲ್‌ಎಸ್ ಎಂಬುದು ದಾರಿಗೆ ಹಾಕುವ ಬೀಗ. ಎಂಕ್ಯೂಟಿಟಿಯಲ್ಲಿ ಅದಕ್ಕೆ 8883 ಎಂಬ ಪ್ರತ್ಯೇಕ ಬಾಗಿಲಿದೆ. ದಾರಿಯಲ್ಲಿ ಯಾರೂ ಕದ್ದು ಓದಲಾರರು, ಆದರೆ ಬ್ರೋಕರ್ ಓದಬಲ್ಲದು. ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಮೆಸೇಜಿಗೇ ಹಾಕುವ ಬೀಗ. ಅದರ ಕೀಲಿ ಇರುವುದು ಕಳಿಸುವವರ ಮತ್ತು ಪಡೆಯುವವರ ಬಳಿ ಮಾತ್ರ. ವಾಟ್ಸಾಪ್ 2016ರ ಏಪ್ರಿಲ್‌ನಲ್ಲಿ ಇದನ್ನು ಎಲ್ಲರಿಗೂ ಜಾರಿ ಮಾಡಿತು. ಸರ್ವರ್‌ಗೇ ಓದಲಾಗದ ಮೆಸೇಜನ್ನು ನೋಡಿ ಸರ್ಕಾರ ಟಿಕ್‌ನ ಬಣ್ಣ ಬದಲಿಸುವ ಮಾತೇ ಇಲ್ಲ.

ಹಾಗೆಂದು ಏನು ಬೇಕಾದರೂ ಕಳಿಸಬಹುದು ಎಂದಲ್ಲ. ಪಡೆದವರು ರಿಪೋರ್ಟ್ ಮಾಡಬಹುದು, ಸ್ಕ್ರೀನ್‌ಶಾಟ್ ಕೊಡಬಹುದು, ತನಿಖೆಯಲ್ಲಿ ಫೋನ್ ವಶಕ್ಕೆ ಹೋಗಬಹುದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪ್‌ನಲ್ಲಿ ಹಬ್ಬಿ ಗುಂಪು ಹಲ್ಲೆಗೆ ಒಬ್ಬ ಯುವಕ ಬಲಿಯಾದದ್ದನ್ನು ಮರೆಯುವಂತಿಲ್ಲ.

ಟಿಕ್ ಇಲ್ಲದ ಎಚ್ಚರಿಕೆಗಳು

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಅನೇಕ ಬೋಟ್‌ಗಳು ಆಗಲೇ ಆಳ ಸಮುದ್ರದಲ್ಲಿದ್ದವು. ದಡದಲ್ಲಿ ಎಚ್ಚರಿಕೆ ಹೊರಟರೂ ಅವರಿಗೆ ಮುಟ್ಟಿಸುವ ದಾರಿ ಇರಲಿಲ್ಲ. ನೂರಾರು ಮೀನುಗಾರರು ಮರಳಲಿಲ್ಲ.

ಈ ಕೊರತೆ ತುಂಬಲು 2019ರ ಅಕ್ಟೋಬರ್‌ನಲ್ಲಿ ‘ಜೆಮಿನಿ’ ಸಾಧನ ಬಿಡುಗಡೆಯಾಯಿತು. ಗಗನ್ ಉಪಗ್ರಹ ವ್ಯವಸ್ಥೆಯಿಂದ ಎಚ್ಚರಿಕೆ ಪಡೆದು ಬ್ಲೂಟೂತ್ ಮೂಲಕ ಫೋನಿಗೆ ಕೊಡುವ ಇದಕ್ಕೆ ಮೊಬೈಲ್ ಟವರ್ ಬೇಕಿಲ್ಲ. ಆದರೆ ಇದು ಒಂದೇ ದಿಕ್ಕಿನ ದಾರಿ. ಬೋಟಿನಿಂದ ಉತ್ತರಿಸಲು ಆಗದು. ಉತ್ತರವನ್ನೂ ಕಳಿಸಬಲ್ಲ ಇಸ್ರೋದ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ಬೋಟ್‌ಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ಸಿಕ್ಕಿದೆ.

2023ರಲ್ಲಿ ಅನೇಕರ ಫೋನ್‌ಗಳಲ್ಲಿ ಜೋರಾಗಿ ಸದ್ದು ಮಾಡಿದ ಪರೀಕ್ಷಾ ಸಂದೇಶವೂ ಇದೇ ರೀತಿಯದು. ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಟವರ್ ತನ್ನ ವ್ಯಾಪ್ತಿಯ ಎಲ್ಲ ಫೋನ್‌ಗಳಿಗೂ ಏಕಕಾಲಕ್ಕೆ ಕೂಗಿ ಹೇಳುತ್ತದೆ. ಅದಕ್ಕೆ ನಿಮ್ಮ ನಂಬರ್ ಬೇಕಿಲ್ಲ, ಯಾರಿಗೆ ತಲುಪಿತು ಎಂಬ ಲೆಕ್ಕವೂ ಇಲ್ಲ. ಆದರೆ ಟವರ್ ವ್ಯಾಪ್ತಿ ಮೀರಿ ಹೋದ ಬೋಟಿಗೆ ಅದೂ ಕೇಳಿಸದು.

ನೆನಪಿಡಿ

ಕಡಲಿನಲ್ಲಿರುವವರಿಗೆ ಕಳಿಸಿದ ಎಚ್ಚರಿಕೆಗೆ ಒಂದೇ ಟಿಕ್ ಇದ್ದರೆ ಅದು ತಲುಪಿಲ್ಲವೆಂದೇ ತಿಳಿಯಿರಿ. ಕಾಯುತ್ತ ಕೂರಬೇಡಿ. ವೈರ್‌ಲೆಸ್ ಇರುವ ಹತ್ತಿರದ ಬೋಟ್‌ನವರ ಮೂಲಕ ತಿಳಿಸಿ. ಅಪಾಯವಿದ್ದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ. ಸಮುದ್ರದಲ್ಲಿ ತುರ್ತು ಕರೆಗೆ ಇರುವುದು ವಿಎಚ್‌ಎಫ್ ಚಾನೆಲ್ 16.

ಎರಡು ಟಿಕ್ ಬಂದರೂ ಉತ್ತರ ಬರುವವರೆಗೆ ಖಚಿತವೆಂದು ಭಾವಿಸಬೇಡಿ.

ನಿಮಗೆ ಬಂದ ಹವಾಮಾನ ಎಚ್ಚರಿಕೆಯಲ್ಲಿ ದಿನಾಂಕ ಇದೆಯೇ ನೋಡಿ. ಫಾರ್ವರ್ಡ್ ಆದ ಮೆಸೇಜಿನಲ್ಲಿ ಕಾಣುವುದು ಅದು ನಿಮಗೆ ಬಂದ ಸಮಯವೇ ಹೊರತು ಮೊದಲು ಬರೆದ ಸಮಯವಲ್ಲ. ದಿನಾಂಕವಿಲ್ಲದಿದ್ದರೆ ಹವಾಮಾನ ಇಲಾಖೆಯ ಪ್ರಕಟಣೆಯೊಂದಿಗೆ ಹೋಲಿಸಿ, ಆಮೇಲೆ ಮುಂದೆ ಕಳಿಸಿ.

ಕೆಂಪು ಟಿಕ್‌ನ ಫಾರ್ವರ್ಡ್ ಮತ್ತೆ ಬಂದರೆ ಅದನ್ನು ನಿಮ್ಮಲ್ಲಿಗೇ ನಿಲ್ಲಿಸಿ.