ಬೀಗರ ಪಂಕ್ತಿಯೂ ಬಾಡಿನ ಹದವೂ

ಕನ್ನಡದಲ್ಲಿ ‘ಬೀಗ’ ಎಂದರೆ ಬಾಗಿಲಿಗೆ ಹಾಕುವ ಸಾಧನವೂ ಹೌದು, ಹೆಣ್ಣು ಕೊಟ್ಟ ಅಥವಾ ತಂದ ಮನೆಯ ಹಿರಿಯನೂ ಹೌದು. ‘ಬೀಗು’ ಎಂದರೆ ಗರ್ವದಿಂದ ಉಬ್ಬುವುದು. ಈ ಮೂರಕ್ಕೂ ಒಂದೇ ಮೂಲವೆಂದು ನಾನು ವಾದಿಸುವುದಿಲ್ಲ. ಆದರೆ ಹಬ್ಬದ ದಿನ ಬೀಗರ ಎದುರು ಕುಳಿತು ಉಂಡು ಎದ್ದವರಿಗೆ ಈ ಪದಗಳ ನೆಂಟಸ್ತಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿಸ್ತಜಯಂತಿಯ ಮರುದಿನ ತುಮಕೂರಿನ ಒಂದು ಹೋಟೆಲಿನಲ್ಲಿ ಇಂತಹದೊಂದು ಊಟಕ್ಕೆ ನಾನೂ ಸಾಕ್ಷಿಯಾದೆ. ಹೆಣ್ಣಿನ ತಂದೆ ಊರ್ಡಿಗೆರೆಯ ಕಡೆಯ ರೈತರು; ಗಂಡಿನ ತಂದೆ ಗುಬ್ಬಿ ತಾಲ್ಲೂಕಿನ ನಿವೃತ್ತ ಶಿಕ್ಷಕರು. ಮದುವೆಯಾಗಿ ಆಗ ಏಳು ತಿಂಗಳು. ಮನೆಯವರಿಗೆ ಅಡುಗೆಯ ಶ್ರಮ ಬೇಡವೆಂದು ಮಕ್ಕಳೇ ಹೋಟೆಲಿನ ಏರ್ಪಾಡು ಮಾಡಿ, ಮದುವೆಯ ಬಲಿಪೂಜೆ ಅರ್ಪಿಸಿದವನೆಂಬ ಸಲುಗೆಯಿಂದ ನನ್ನನ್ನೂ ಕರೆದಿದ್ದರು. ಮೊದಲ ಅರ್ಧ ಗಂಟೆ ಮಳೆ, ಕೊಬ್ಬರಿಯ ಧಾರಣೆ, ಮತ್ತೆ ಮಳೆ. ಆಮೇಲೆ ಬಾಡು ಬಂತು. ಊರ್ಡಿಗೆರೆಯ ಹಿರಿಯರು ಒಂದು ತುಂಡನ್ನು ಬೆರಳುಗಳ ನಡುವೆ ಒತ್ತಿ ನೋಡಿ, ಎಲೆಯ ಅಂಚಿಗೆ ಸರಿಸಿ, “ಇನ್ನೊಂದು ಗಳಿಗೆ ಬೇಯಬೇಕಿತ್ತು” ಎಂದರು. ಗುಬ್ಬಿಯ ಮೇಷ್ಟರ ಮುಖ ಬಿಗಿಯಿತು. ಹೋಟೆಲನ್ನು ಆರಿಸಿದವನು ಅವರ ಮಗ. ಪಾಪ, ಆ ಹುಡುಗ ವಾತಾವರಣ ತಿಳಿಗೊಳಿಸಲೆಂದು, ಬೆಂಗಳೂರಿನಲ್ಲಿ ‘ಸ್ಟೇಕ್’ ಎಂದು ಕೊಡುತ್ತಾರೆ, ಒಳಗೆಲ್ಲ ಕೆಂಪಗೇ ಇರುತ್ತದೆ, ಅದಕ್ಕೆ ಇದರ ನಾಲ್ಕರಷ್ಟು ಬೆಲೆ ಎಂದ. ಮಾವನವರು ಅಳಿಯನನ್ನು ಅನುಕಂಪದಿಂದ ನೋಡಿದರು. “ಅರೆಬೆಂದ ಬಾಡನ್ನ ದುಡ್ಡು ಕೊಟ್ಟು ತಿಂತೀರಾ ಅಳಿಯಂದ್ರೇ?”

ಪ್ರಶ್ನೆ ನ್ಯಾಯವಾದುದೇ. ಒಂದು ನಾಡಿನಲ್ಲಿ ಅರೆಬೆಂದದ್ದು ಸತ್ಕಾರ, ಇನ್ನೊಂದರಲ್ಲಿ ಅವಮಾನ ಏಕಾಯಿತು?

ಸ್ಟೇಕ್ ಎಂಬುದು ದನದ ಬೆನ್ನಿನ ಮಗ್ಗುಲಿನ ದಪ್ಪ ತುಂಡು. ಪ್ರಾಣಿ ನಡೆಯುವಾಗ, ಎಳೆಯುವಾಗ ಆ ಭಾಗಕ್ಕೆ ದುಡಿಮೆ ಕಡಿಮೆ. ಆದ್ದರಿಂದ ಅಲ್ಲಿ ನಾರು ಕಡಿಮೆ. ಕೆಲಸಕ್ಕೆ ಹಚ್ಚದೆ ಮೇಯಿಸಿ ಕೊಬ್ಬಿಸಿದ ಎಳೆಯ ಪ್ರಾಣಿಯಾಗಬೇಕು. ಕಡಿದ ಮಾಂಸವನ್ನು ತಣ್ಣನೆಯ ಜಾಗದಲ್ಲಿ ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ತೂಗುಹಾಕಬೇಕು. ಆಗ ಅದು ತನ್ನೊಳಗಿನ ಕಿಣ್ವಗಳಿಂದಲೇ ಮೆದುವಾಗುತ್ತದೆ. ಅನಂತರ ಚೆನ್ನಾಗಿ ಕಾದ ಬಾಣಲೆಯಲ್ಲಿ ಹೊರಮೈ ಕಂದುಬಣ್ಣಕ್ಕೆ ತಿರುಗುವವರೆಗೆ ಸುಟ್ಟು, ಒಳಭಾಗ 55ರಿಂದ 60 ಡಿಗ್ರಿ ಸೆಲ್ಸಿಯಸ್ ತಲುಪುವಷ್ಟರಲ್ಲಿ ಇಳಿಸಿ, ಕೊಯ್ಯುವ ಮೊದಲು ಕೆಲವು ನಿಮಿಷ ಸುಮ್ಮನೆ ಬಿಡಬೇಕು. ರಸ ಒಳಗೇ ನಿಲ್ಲುತ್ತದೆ. ಲೂಕನ ಶುಭಸಂದೇಶದ ತಂದೆ, ಮರಳಿ ಬಂದ ಮಗನಿಗಾಗಿ ಕೊಬ್ಬಿದ ಕರುವನ್ನೇ ಏಕೆ ತರಿಸಿದನೆಂಬುದು ಇದರಿಂದ ಅರ್ಥವಾದೀತು.

ನಮ್ಮ ತುಮಕೂರು ಸೀಮೆಯಲ್ಲಿ ಇದರಲ್ಲಿ ಯಾವುದಿತ್ತು? ಇಲ್ಲಿಯ ಹಳ್ಳಿಕಾರ್ ಎತ್ತು ನೇಗಿಲಿಗೂ ಗಾಡಿಗೂ ಹುಟ್ಟಿದ್ದು. ಅಮೃತಮಹಲಿನ ಎತ್ತುಗಳು ಹೈದರ್ ಮತ್ತು ಟಿಪ್ಪುವಿನ ತೋಪುಗಳನ್ನು ಎಳೆದವು. ಮೈಯೆಲ್ಲ ದುಡಿಮೆ, ಅದರ ಮೇಲೆ ಪೂಜ್ಯಭಾವನೆ ಬೇರೆ. ನಮ್ಮ ಪಾಲಿಗೆ ಉಳಿದದ್ದು ಕುರಿ ಮತ್ತು ಮೇಕೆ. ಅವೂ ದಿನವಿಡೀ ಬೆಟ್ಟದ ಬುಡದಲ್ಲಿ ಅಲೆದು ಮೇಯುವಂಥವು. ದೇವರಾಯನದುರ್ಗದ ಮಗ್ಗುಲಿನ ಕುರುಚಲಲ್ಲಿ ಮೇದ ಮೇಕೆಯ ಕಾಲನ್ನು ಅರೆಬೇಯಿಸಿ ತಿನ್ನಲು ಹೊರಟವನ ಹಲ್ಲಿಗೆ ದೇವರೇ ಗತಿ. ಮಾಂಸದ ನಾರು ಕರಗಿ ಅಂಟಾಗಬೇಕಾದರೆ 70 ಡಿಗ್ರಿಗಿಂತ ಮೇಲಿನ ಶಾಖ ಬೇಕು, ನೀರು ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಗಂಟೆಗಟ್ಟಲೆ ಸಮಯ ಬೇಕು. ಹೀಗಾಗಿ ನಮ್ಮದು ಸಾರಿನ ನಾಡಾಯಿತು. ಸೆಕೆಯ ದೇಶದಲ್ಲಿ ಮಾಂಸವನ್ನು ತೂಗುಹಾಕಿ ಕಾಯುವಂತಿರಲಿಲ್ಲ. ನಸುಕಿನಲ್ಲಿ ಕೊಯ್ದದ್ದು ಮಧ್ಯಾಹ್ನಕ್ಕೆ ಎಲೆಗೆ ಬೀಳಬೇಕು. ಅಲ್ಲಿ ಮಾಂಸ ಕಾಯುತ್ತದೆ, ಇಲ್ಲಿ ಒಲೆಯ ಮುಂದಿನವರು ಕಾಯುತ್ತಾರೆ.

ಇದನ್ನು ಬಡತನದ ಅಡುಗೆಯೆಂದು ತಿಳಿಯಬೇಡಿ. ಕತ್ತು, ಮೊಣಕಾಲು, ಎದೆಯ ಮೂಳೆ ಮುಂತಾದ ಹೆಚ್ಚು ದುಡಿದ ಭಾಗಗಳಲ್ಲೇ ಹೆಚ್ಚು ರುಚಿ ಇರುವುದು. ನಿಧಾನದ ಉರಿಗೆ ಮಾತ್ರ ಅದು ಬಿಟ್ಟುಕೊಡುತ್ತದೆ. ಗೊತ್ತಿದ್ದವರು ಮರಿಯ ವಯಸ್ಸನ್ನು ಹಲ್ಲು ನೋಡಿ, ಕೊಬ್ಬನ್ನು ಬಾಲದ ಬುಡ ಮುಟ್ಟಿ ಹೇಳುತ್ತಿದ್ದರು. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕುರಿ ಈ ನಾಡಿನಲ್ಲೆಲ್ಲ ಹೆಸರಾದದ್ದು ಅದರ ಗಿಡ್ಡ ಕಾಲು ಮತ್ತು ಮಾಂಸದೊಳಗೇ ಹರಡಿಕೊಂಡ ಕೊಬ್ಬಿನಿಂದ.

ಇನ್ನು ಪಂಕ್ತಿಯ ಮಾತು. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ತುಮಕೂರು, ಗುಬ್ಬಿ, ಶಿರಾಗಳನ್ನೂ ಹಾದುಹೋದ. 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಆತನ ಪ್ರವಾಸ ಕಥನದಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಯಾವ ಸಮುದಾಯವನ್ನು ಕಂಡರೂ ಆತ ಕೇಳುತ್ತಿದ್ದ ಪ್ರಶ್ನೆಗಳು ಅವೇ: ಯಾವ ಮಾಂಸ ತಿನ್ನುತ್ತೀರಿ, ಯಾರೊಡನೆ ಕೂತು ಉಣ್ಣುತ್ತೀರಿ, ಯಾರಿಗೆ ಹೆಣ್ಣು ಕೊಡುತ್ತೀರಿ? ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿದ್ದ ನಮ್ಮ ಫ್ರೆಂಚ್ ಗುರು ಅಬ್ಬೆ ದ್ಯುಬುವಾ, ಇಲ್ಲಿಯವರ ಉಡುಗೆ ಮತ್ತು ಜೀವನಕ್ರಮವನ್ನೇ ಅನುಸರಿಸಿ, 1823ರವರೆಗೂ ಈ ದೇಶದಲ್ಲಿದ್ದರು. 1816ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲೂ ಊಟ ಮತ್ತು ಮದುವೆಯ ಕಟ್ಟಳೆಗಳಿಗೆ ದೊಡ್ಡ ಸ್ಥಾನವಿದೆ. ಉಣ್ಣುವುದೂ ಹೆಣ್ಣು ಕೊಡುವುದೂ ಒಂದೇ ಗೆರೆಯೊಳಗಿನ ವ್ಯವಹಾರವೆಂಬುದನ್ನು ಇಬ್ಬರೂ ಬೇಗ ಕಂಡುಕೊಂಡಿದ್ದರು.

ಬೀಗರೂಟ ಆ ಗೆರೆಯ ಮೇಲೆಯೇ ನಡೆಯುವ ಊಟ. ಹಳೆಯ ಮೈಸೂರು ಸೀಮೆಯ ಮಾಂಸಾಹಾರಿ ಮನೆತನಗಳಲ್ಲಿ ಧಾರೆಯ ದಿನ ಸಿಹಿಯೂಟ. ಬಾಡೂಟ ಮರುದಿನವೋ ಮೂರನೆಯ ದಿನವೋ, ಬೀಗರಿಗಾಗಿಯೇ. ಅಂಗಳದಲ್ಲಿ ಕಲ್ಲು ಹೂಡಿ ಕೊಪ್ಪರಿಗೆ ಏರಿಸಬೇಕು. ಮುದ್ದೆ, ಬೋಟಿ, ತಲೆಮಾಂಸ, ಕೈಮ ಉಂಡೆ ಇವೆಲ್ಲ ಇಂತಿಂಥವರ ಎಲೆಗೆ ಇಂತಿಷ್ಟು ಎಂಬ ಲೆಕ್ಕ. ನಲ್ಲಿಮೂಳೆ ಹಿರಿಯ ಬೀಗನಿಗೆ ಬರದಿದ್ದರೆ ಹತ್ತು ವರ್ಷದ ಮಾತು. ಹೆಂಗಸರು ಬೀಗರನ್ನು ಹಂಗಿಸಿ ಹಾಡುತ್ತಿದ್ದರು. ಎದುರಿನವರು ನಗುತ್ತಲೇ ಸಹಿಸಬೇಕು. ನಗಲಾರದೆ ಎಲೆ ಬಿಟ್ಟು ಎದ್ದವರೂ ಉಂಟು. ಪಕ್ಕದಲ್ಲೇ ಒಬ್ಬರು ಪುಸ್ತಕ ಹಿಡಿದು ಮುಯ್ಯಿ ಬರೆಯುತ್ತಿರುತ್ತಾರೆ. ಯಾರು ಎಷ್ಟು ಕೊಟ್ಟರೋ ಅವರ ಮನೆಯ ಮದುವೆಗೆ ಅಷ್ಟನ್ನಾದರೂ ಮರಳಿಸಬೇಕು. ಸೇಡಿಗೂ ಕನ್ನಡದಲ್ಲಿ ಮುಯ್ಯಿ ಎಂದೇ ಹೆಸರು!

ಬೀಗರೂಟವನ್ನು ಬರೀ ಸಂಭ್ರಮವೆಂದು ವರ್ಣಿಸುವವರನ್ನು ಕಂಡರೆ ನನಗೆ ಅಸಮಾಧಾನವಾಗುತ್ತದೆ. ಅದು ಒಂದು ಮನೆ ಇನ್ನೊಂದು ಮನೆಯ ತೂಕ ನೋಡುವ ದಿನ. ಹೆಣ್ಣು ಹೆತ್ತವರು ತಕ್ಕಡಿಯ ಹಗುರವಾದ ತಟ್ಟೆಯಲ್ಲಿರುತ್ತಿದ್ದರು. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದರೂ, ಬೀಗರೂಟಕ್ಕೆ ಎಷ್ಟು ಮರಿ ಕಡಿಯಬೇಕೆಂಬ ಮಾತುಕತೆಯನ್ನು ಯಾವ ಕಾಯಿದೆ ಹಿಡಿದೀತು? ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮಾತೆ ಮರಿಯಮ್ಮನವರಿಗಾದ ಕಳವಳವನ್ನು ನಮ್ಮ ಹಳ್ಳಿಯ ತಾಯಂದಿರು ಯಾವ ವ್ಯಾಖ್ಯಾನವೂ ಇಲ್ಲದೆ ತಿಳಿದುಕೊಳ್ಳುತ್ತಾರೆ.

ಮಾಂಸ ಅಷ್ಟು ತೂಕದ ವಸ್ತುವಾಗಲು ಅದು ಅಪರೂಪದ್ದಾಗಿದ್ದುದೇ ಕಾರಣ. 1876ರಿಂದ 1878ರವರೆಗಿನ ಬರವನ್ನು ನೆನೆಯಿರಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂತಹ ನೆನಪುಳ್ಳ ನಾಡಿನಲ್ಲಿ ಬೀಗರ ಎಲೆಗೆ ಬಾಡು ಬಡಿಸುವುದೆಂದರೆ ‘ನಿಮ್ಮ ಮಗಳು ನಮ್ಮಲ್ಲಿ ಹಸಿದಿರಳು’ ಎಂಬ ವಾಗ್ದಾನ.

ಲೆಕ್ಕವಿದ್ದೂ ನೋಯಿಸದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಯುಗಾದಿಯ ಮರುದಿನದ ವರ್ಷತೊಡಕಿಗೆ ಹಳ್ಳಿಯ ಹತ್ತಾರು ಮನೆಯವರು ಕೂಡಿ, ಹಲವು ಕಡೆ ವರ್ಷವಿಡೀ ಚೀಟಿ ಕಟ್ಟಿ, ಮರಿಗಳನ್ನು ಕೊಳ್ಳುತ್ತಾರೆ. ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ಒಂದಿಷ್ಟು ಈಲಿ, ಒಂದಿಷ್ಟು ಮೂಳೆ, ಒಂದಿಷ್ಟು ಬೋಟಿ, ಒಂದಿಷ್ಟು ಕೊಬ್ಬು. ಬೆನ್ನಿನ ಮೆದು ಮಾಂಸವೆಲ್ಲ ಒಬ್ಬನಿಗೇ ಹೋಗುವ ಸ್ಟೇಕಿನ ನ್ಯಾಯ ಅಲ್ಲಿ ನಡೆಯದು. ನಮ್ಮ ಕ್ರೈಸ್ತ ಮನೆಗಳಿಗೆ ಮಾತ್ರ ಈ ಹಬ್ಬ ಹೆಸರಿಗೆ ತಕ್ಕಂತೆ ತೊಡಕೇ. ಹಲವು ವರ್ಷಗಳಲ್ಲಿ ಅದು ತಪಸ್ಸುಕಾಲದ ನಡುವೆ ಬೀಳುತ್ತದೆ. ಅಕ್ಕಪಕ್ಕದವರು ಪ್ರೀತಿಯಿಂದ ಕಳಿಸಿದ ಪಾತ್ರೆಯನ್ನು ಏನು ಮಾಡುವುದೆಂದು ನನ್ನನ್ನು ಕೇಳಿದವರಿದ್ದಾರೆ. ಶುಕ್ರವಾರವಲ್ಲದಿದ್ದರೆ ಪಾತ್ರೆಯನ್ನು ಹಿಂದಕ್ಕೆ ಕಳಿಸಬೇಡಿ ಎಂದಿದ್ದೇನೆ.

ಇನ್ನು ಹೋಟೆಲು. ಬೆಂಗಳೂರಿನಲ್ಲಿ ದಂಡು ಪ್ರದೇಶ ನೆಲೆಗೊಂಡದ್ದು 1809ರಲ್ಲಿ. ಸ್ಟೇಕ್ ಬಂದದ್ದು ಆ ದಂಡಿನವರ ಮೇಜಿಗೆ; ಪೇಟೆಯವರಿಗೂ ಅದಕ್ಕೂ ಬಹಳ ಕಾಲ ಸಂಬಂಧವಿರಲಿಲ್ಲ. 1960ರ ದಶಕದಲ್ಲಿ ಹರೂನ್ ಸುಲೈಮಾನ್ ಸೇಟ್ ಅವರು ಆರಂಭಿಸಿದ ‘ದಿ ಓನ್ಲಿ ಪ್ಲೇಸ್’ನಂತಹ ಹೋಟೆಲುಗಳಿಂದ ಅದು ನಗರದ ಇತರರಿಗೂ ಪರಿಚಯವಾಯಿತು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ 2020ರ ಕಾಯಿದೆಯ ಪ್ರಕಾರ ಹಸು, ಎತ್ತು, ಕರುಗಳನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಗಳಿಗಷ್ಟೇ ಅವಕಾಶ. ಅಷ್ಟು ವಯಸ್ಸಿನ ಮಾಂಸದಿಂದ ಒಳ್ಳೆಯ ಸ್ಟೇಕ್ ಹೇಗಾದೀತೆಂಬುದನ್ನು ಮೇಲಿನ ವಿವರಣೆ ಓದಿದ ನೀವೇ ಊಹಿಸಬಲ್ಲಿರಿ.

ಪೇಟೆಯ ಜನಕ್ಕೆ ಒದಗಿದ್ದು ಮಿಲಿಟರಿ ಹೋಟೆಲು. ಕಾಟನ್‌ಪೇಟೆಯ ಎಸ್. ಜಿ. ರಾವ್ ಅವರ ಹೋಟೆಲು 1908ರಷ್ಟು ಹಳೆಯದೆಂದು ಹೆಸರಾಗಿದೆ. ‘ಮಿಲಿಟರಿ’ ಎಂದರೆ ಅಲ್ಲಿ ಮಾಂಸ ದೊರೆಯುತ್ತದೆಂದು ಅರ್ಥ. ಮುದ್ದೆ, ಸಾರು, ಕೈಮ, ತಲೆಮಾಂಸ ಎಲ್ಲವೂ ಅಂಗಳದ ಕೊಪ್ಪರಿಗೆಯಲ್ಲಿ ಬೇಯುತ್ತಿದ್ದವೇ. ಬದಲಾದದ್ದು ಪಂಕ್ತಿ. ಬೀಗನಲ್ಲದವನೂ, ಮುಯ್ಯಿ ಪುಸ್ತಕದಲ್ಲಿ ಹೆಸರಿಲ್ಲದವನೂ ಕಾಸು ಕೊಟ್ಟು ಬಾಡೂಟ ಉಣ್ಣಬಹುದಾಯಿತು. ಆದರೂ ಆ ಕಾಲದ ಹೋಟೆಲುಗಳಲ್ಲಿ ಜಾತಿಯ ಗೆರೆಗಳು ಅಳಿದಿರಲಿಲ್ಲ. ಎಷ್ಟೋ ಕಡೆ ದಲಿತರನ್ನು ಹೊರಗೇ ನಿಲ್ಲಿಸುತ್ತಿದ್ದರು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ, ಜಾತಿಯ ಕಾರಣಕ್ಕೆ ಯಾರನ್ನೂ ಸಾರ್ವಜನಿಕ ಹೋಟೆಲುಗಳಿಂದ ಹೊರಗಿಡುವಂತಿಲ್ಲ ಎಂದು ಹೋಟೆಲನ್ನು ಹೆಸರಿಸಿಯೇ ಹೇಳುತ್ತದೆ. ದೇಶದ ಮೂಲ ಶಾಸನದಲ್ಲಿ ಊಟದ ಮನೆಗೆ ಒಂದು ಸಾಲು ಮೀಸಲಿಡಬೇಕಾಗಿ ಬಂತೆಂದರೆ, ಯಾರು ಯಾರೊಡನೆ ಉಣ್ಣುತ್ತಾರೆಂಬುದು ಎಷ್ಟು ದೊಡ್ಡ ಪ್ರಶ್ನೆಯಾಗಿತ್ತೆಂದು ಯೋಚಿಸಿ.

ತುಮಕೂರಿನ ಆ ಮೇಜಿಗೆ ಮರಳೋಣ. ಅಳಿಯ ನಗೆಯಾಡಿದ್ದರಿಂದ ಮುಜುಗರ ಕರಗಲಿಲ್ಲ, ಆದರೆ ಊಟ ಸಾಗಿತು. ಹೋಟೆಲಿನವರು ಬಾಡನ್ನು ಒಯ್ದು ಮತ್ತಷ್ಟು ಬೇಯಿಸಿ ತಂದರು. ಅಂಗಳದ ಬೀಗರೂಟದಲ್ಲಿ ಹೀಗೆ ಒಯ್ಯಲು ಸಾಧ್ಯವೇ ಇರಲಿಲ್ಲ. ಎಲೆಗೆ ಬಿದ್ದದ್ದು ಬಡಿಸಿದವರ ಮಾನ. ಇಲ್ಲಿ ಬಡಿಸಿದವರು ಎರಡೂ ಮನೆಯವರಲ್ಲ. ಇಬ್ಬರೂ ನೆಂಟರೇ, ಮನೆಯಾತ ಯಾರೂ ಇಲ್ಲ. ಬೀಗರನ್ನು ಹಬ್ಬಕ್ಕೆ ಹೋಟೆಲಿಗೆ ಕರೆದೊಯ್ಯುವ ಈಗಿನ ರೂಢಿಯನ್ನು ಸೋಮಾರಿತನವೆಂದು ನಾನು ಹಿಂದೆ ಆಕ್ಷೇಪಿಸಿದ್ದುಂಟು. ಅಂದು ಆ ಆಕ್ಷೇಪಣೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಅದಕ್ಕೆ ಕಾರಣ ಹುಡುಗಿಯ ತಾಯಿ.

ಆಕೆ ಊಟದ ನಡುವೆ, ಯಾರಿಗೂ ಅಲ್ಲದೆ ತಮಗೆ ತಾವೇ ಹೇಳಿಕೊಂಡಂತೆ, ಬೀಗರ ಜೊತೆ ಒಂದೇ ಪಂಕ್ತಿಯಲ್ಲಿ ಕೂತದ್ದು ಇದೇ ಮೊದಲು ಎಂದರು. ಮಗಳ ಬೀಗರೂಟದ ದಿನ ನಸುಕಿನ ಮೂರಕ್ಕೆ ಎದ್ದು, ಹೊಗೆಯಲ್ಲಿ ಕಣ್ಣು ಕೆಂಪಾಗಿ, ಮೂರು ಪಂಕ್ತಿ ಎದ್ದ ಮೇಲೆ ತಳದ ಸಾರಿಗೆ ಮುದ್ದೆ ಅದ್ದಿ ಉಂಡಿದ್ದರಂತೆ. ಬಾಡು ಅಷ್ಟು ಹದವಾಗಿ ಬೆಂದಿತ್ತು, ಎಲ್ಲರೂ ಹೊಗಳಿದರು, ಬೆಂದದ್ದು ಹೇಗಿತ್ತೆಂದು ತಮಗೆ ಮಾತ್ರ ಗೊತ್ತಿಲ್ಲ ಎಂದರು. ಪತಿ ತಲೆಯೆತ್ತದೆ ಎಲೆಯನ್ನೇ ನೋಡುತ್ತಿದ್ದರು. ಆಗ ಗುಬ್ಬಿಯ ಮೇಷ್ಟರು ತಮ್ಮೆದುರಿನ ಬಟ್ಟಲಿನಿಂದ ನಲ್ಲಿಮೂಳೆಯನ್ನು ತೆಗೆದು ಆಕೆಯ ಎಲೆಯ ಮೇಲಿಟ್ಟು, “ತಗೊಳ್ಳಿ ಬೀಗ್ತೇರೇ” ಎಂದರು.

ಕೊನೆಗೆ ಬಿಲ್ಲು ಬಂತು. ಇಬ್ಬರು ಹಿರಿಯರೂ ಜೇಬಿಗೆ ಕೈ ಹಾಕಿದರು, ಒಬ್ಬರ ಮೊಣಕೈಯನ್ನು ಇನ್ನೊಬ್ಬರು ಹಿಡಿದರು, ಧ್ವನಿ ಏರಿತು. ಮಾಣಿ ಹಲ್ಲು ಕಿರಿದು, ಅಕ್ಕಾವ್ರು ಆಗಲೇ ಫೋನಿನಲ್ಲಿ ಕೊಟ್ಟಾಯ್ತು ಎಂದ. ಹುಡುಗಿ ಕೈ ತೊಳೆಯಲು ಹೋಗಿದ್ದಳು. ಮೇಷ್ಟರು ಜೇಬಿನಿಂದ ಕೈ ತೆಗೆದು ಬಹಳ ಹೊತ್ತು ಯೋಚಿಸಿದರು. “ಹಾಗಾದ್ರೆ ಫಾದರ್, ಇವತ್ತು ಯಾರು ಯಾರಿಗೆ ಊಟ ಹಾಕಿಸ್ದಂಗಾಯ್ತು?” ಎಂದು ಕೇಳಿದರು. ನಾನು ಬಾಳೆಹಣ್ಣು ಸುಲಿಯುತ್ತಾ ಕುಳಿತೆ.