ರಜೆ ಕೇಳಿದ ಸಿಂಫನಿ

ಹಂಗೇರಿಯ ಪ್ರಭು ನಿಕೊಲಾಸ್ ಎಸ್ಟರ್‌ಹಾಜಿ (1714-1790) ಮೊದಲು ಸೈನಿಕ. 1757ರ ಕೊಲಿನ್ ಯುದ್ಧದಲ್ಲಿ ಪ್ರಷ್ಯದ ವಿರುದ್ಧ ಆಸ್ಟ್ರಿಯದ ಪರ ಹೋರಾಡಿ ಹೆಸರು ಮಾಡಿದವನು. 1762ರಲ್ಲಿ ಅಣ್ಣ ತೀರಿಕೊಂಡ ಮೇಲೆ ಮನೆತನದ ಆಸ್ತಿಯ ಜತೆ ಜೋಸೆಫ್ ಹೈಡನ್ ಎಂಬ ಸಂಗೀತಗಾರನೂ ಇವನ ಪಾಲಿಗೆ ಬಂದ. ಪಾಲಿಗೆ ಬಂದ ಅಂದದ್ದು ತಮಾಷೆಗಲ್ಲ. ಹೈಡನ್‌ನದು ಅರಮನೆಯ ಸಮವಸ್ತ್ರ ತೊಟ್ಟು ಮಾಡುವ ಊಳಿಗ.

ಪ್ರಭುವಿಗೆ ಬ್ಯಾರಿಟನ್ ಎಂಬ ತಂತಿವಾದ್ಯದ ಹುಚ್ಚು. ಕಮಾನು ಎಳೆಯುತ್ತಲೇ ಹಿಂಬದಿಯ ತಂತಿಗಳನ್ನು ಹೆಬ್ಬೆರಳಿನಿಂದ ಮೀಟಬೇಕು. ಅವನಿಗಾಗಿ ಹೈಡನ್ ಮೂರು ವಾದ್ಯಗಳ 120ಕ್ಕೂ ಹೆಚ್ಚು ಕೃತಿ ಬರೆದ. ಇವತ್ತು ಅದನ್ನು ನುಡಿಸುವವರೇ ಅಪರೂಪ!

ಜವುಗು ಬಯಲಿನಲ್ಲಿ ಪ್ರಭು ಕಟ್ಟಿಸಿದ ಎಸ್ಟರ್‌ಹಾಜಾ ಅರಮನೆಯಲ್ಲಿ ಒಪೆರಾ ಮಂದಿರವಿತ್ತು, ಗೊಂಬೆಯಾಟದ ರಂಗವೂ ಇತ್ತು. ಆದರೆ ಹೆಚ್ಚಿನ ವಾದ್ಯಗಾರರು ಹೆಂಡತಿ ಮಕ್ಕಳನ್ನು ಕರೆತರುವಂತಿರಲಿಲ್ಲ. 1772ರಲ್ಲಿ ಅಲ್ಲಿನ ವಾಸ ಮುಗಿಯುವ ಲಕ್ಷಣ ಕಾಣದಿದ್ದಾಗ ಹೈಡನ್ ಒಂದು ಸಿಂಫನಿ ಬರೆದ. ಅದರ ಕೊನೆಯಲ್ಲಿ ವಾದ್ಯಗಾರರು ಒಬ್ಬೊಬ್ಬರಾಗಿ ಮೇಣದಬತ್ತಿ ಆರಿಸಿ ಎದ್ದು ಹೋಗುತ್ತಾರೆ. ಉಳಿಯುವುದು ಎರಡೇ ಪಿಟೀಲು. ಊರಿಗೆ ಹೋಗಲು ರಜೆ ಕೇಳಿ ಗೊತ್ತಿರುವ ನಮಗೆ ಇದನ್ನು ವಿವರಿಸಬೇಕಿಲ್ಲ. ಪ್ರಭುವಿಗೂ ಅರ್ಥವಾಯಿತು, ಮರುದಿನವೇ ಎಲ್ಲರನ್ನೂ ಬಿಟ್ಟುಕೊಟ್ಟನಂತೆ.

ಆ ಒಂಟಿತನವೇ ತನ್ನನ್ನು ಸ್ವಂತಿಕೆಗೆ ನೂಕಿತೆಂದು ಹೈಡನ್ ಮುಂದೆ ಹೇಳಿಕೊಂಡದ್ದುಂಟು. ಇರಲಿ, ಪಂಜರ ಪಂಜರವೇ. 1790ರಲ್ಲಿ ನಿಕೊಲಾಸ್ ಸತ್ತ, ಮಗ ಆಂಟನ್ ವಾದ್ಯವೃಂದ ವಿಸರ್ಜಿಸಿದ. ಅದೇ ಡಿಸೆಂಬರಿನಲ್ಲಿ, 58ರ ವಯಸ್ಸಿನಲ್ಲಿ, ಹೈಡನ್ ಲಂಡನ್ನಿಗೆ ಹೊರಟ.